‘ಟೇಕ್’ ಎಂದರೆ ‘ತೆಗೆದುಕೊಳ್ಳು’ ಎಂದು ಬರೆದಿಟ್ಟವರಿಗೆ

ನಮ್ಮ ಮನೆಯ ಕಟ್ಟೆಗೆ ಶಹಾಬಾದ್ ಕಲ್ಲು ಹಾಸಿದೆ. ಕಲಬುರಗಿಯ ಬೇಸಿಗೆಯಲ್ಲಿ ಸಂಜೆ ಆರಕ್ಕೂ ಅದು ಕಾದಿರುತ್ತದೆ. ಎರಡು ಕೊಡ ನೀರು ಸುರಿದ ಮೇಲೆಯೇ ಮಕ್ಕಳು ಕೂರುವುದು. ಒಣಗಿದ ಕೂಡಲೇ ಆ ಕಲ್ಲೇ ನನ್ನ ಕರಿಹಲಗೆ. ಹದಿನೆಂಟು ವರ್ಷಗಳಿಂದ ಅದರ ಮೇಲೆ ಇಂಗ್ಲಿಷ್ ಬರೆಯುತ್ತಿದ್ದೇನೆ. ಮಕ್ಕಳು ಹೆಚ್ಚು ಎಡವುವ ಕ್ರಿಯಾಪದ ‘ಟೇಕ್’. ಅದು ಬರುತ್ತದೆ ಎಂದು ಎಲ್ಲರೂ ನಂಬಿರುವುದೇ ಕಾರಣ.

ನೋಟ್‌ಬುಕ್ಕಿನಲ್ಲಿ ‘ಟೇಕ್ = ತೆಗೆದುಕೊಳ್ಳು’ ಎಂದು ಬರೆದಿದ್ದರೆ ಮೊದಲು ಅದನ್ನು ಹೊಡೆದುಹಾಕಿ. ‘ತೆಗೆದುಕೊಳ್ಳು’ ಎಂಬುದರ ಬಾಲದಲ್ಲಿ ‘ಕೊಳ್ಳು’ ಇದೆ. ವಸ್ತು ನನ್ನ ಕಡೆಗೆ, ನನಗಾಗಿ ಬರುತ್ತದೆ ಎಂಬ ಭಾವ ಅದರದು. ‘ಟೇಕ್’ಗೆ ಆ ಹಂಗಿಲ್ಲ. ‘ಟೇಕ್ ದಿಸ್ ಟು ಅಜ್ಜಿ’ ಎಂದರೆ ‘ಇದನ್ನು ಅಜ್ಜಿಗೆ ಒಯ್ದು ಕೊಡು’. ಈ ‘ಒಯ್ಯು’ ನಮ್ಮ ಸೀಮೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬಾಯಿಗೆ ಬರುವ ಮಾತು. ಹಾಗಾಗಿ ಈ ಪಾಠದ ಅರ್ಧ ನಮ್ಮ ಮಕ್ಕಳಿಗೆ ಮನೆಯಲ್ಲೇ ಆಗಿರುತ್ತದೆ.

ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಈಚೆ ನೀವು, ಆಚೆ ಮಗು, ನಡುವೆ ಒಂದು ತಂಬಿಗೆ. ಅದು ಮಾತನಾಡುವವರ ಕಡೆಗೆ ಬರಬೇಕಾದರೆ ‘ಬ್ರಿಂಗ್’, ಅಂದರೆ ‘ತಾ’; ಅವರಿಂದ ದೂರ ಹೋಗಬೇಕಾದರೆ ‘ಟೇಕ್’, ಅಂದರೆ ‘ಒಯ್ಯಿ’. ತಂಬಿಗೆಯ ಜಾಗದಲ್ಲಿ ಮನುಷ್ಯರಿದ್ದರೂ ಅದೇ ಪದ: ‘ಟೇಕ್ ಹರ್ ಟು ದ ಡಾಕ್ಟರ್’, ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗು. ನೀರು ತುಂಬಿದ ತಂಬಿಗೆಯಿಂದಲೇ ಆಡಿಸಿ. ತಪ್ಪಿದವರ ಕಾಲು ತೊಯ್ದರೆ ಪಾಠ ಮರೆಯುವುದಿಲ್ಲ.

ಮುಂದಿನ ಕೆಲಸ, ‘ಟೇಕ್’ ಯಾವ ನಾಮಪದದ ಜೊತೆ ಬಂದಿದೆ ಎಂದು ನೋಡುವುದು. ಗುಳಿಗೆ ಇದ್ದರೆ ಅದು ‘ನುಂಗು’, ಬಸ್ಸಿದ್ದರೆ ‘ಹಿಡಿ’. ಫೋಟೊ ಇದ್ದರೆ ಬರೀ ‘ತೆಗೆ’. ಪರೀಕ್ಷೆಯ ವಿಷಯದಲ್ಲಿ ಮಾತ್ರ ನಮಗೆ ದಿಕ್ಕೇ ತಿರುಗಿದೆ. ಉರ್ದುವಿನಲ್ಲಿ ಪರೀಕ್ಷೆ ‘ಕೊಡುವ’ ರೂಢಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಊರು ನಮ್ಮದು, ಆ ಮಾತು ಇಲ್ಲಿನ ಕಿವಿಗಳಿಗೆ ಸಹಜ. ಇಂಗ್ಲಿಷಿನಲ್ಲಿ ವಿದ್ಯಾರ್ಥಿ ಪರೀಕ್ಷೆಯನ್ನು ‘ಟೇಕ್’ ಮಾಡುತ್ತಾನೆ. ‘ಗಿವ್’ ಎಂದರೆ ಪ್ರಶ್ನೆಪತ್ರಿಕೆ ಕೊಡುವ ಮೇಷ್ಟ್ರು ಎಂದಾಗುತ್ತದೆ.

ಮೇಷ್ಟರಿಗೂ ಒಂದು ಹೊಂಡ ಇದೆ, ನಾನೇ ಬಿದ್ದದ್ದು. ಕೋಟೆಯೊಳಗಿನ ಜಾಮಾ ಮಸೀದಿ ನೋಡಲು ಬಂದ ಅಮೆರಿಕದ ಮಹಿಳೆಯೊಬ್ಬರ ಬಳಿ ‘ಐ ಟೇಕ್ ಇಂಗ್ಲಿಷ್ ಕ್ಲಾಸಸ್’ ಎಂದು ಹೆಮ್ಮೆಯಿಂದ ಹೇಳಿದೆ. ಅವರು ನನ್ನ ಭುಜ ತಟ್ಟಿ, ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿದೆ, ಕಲಿಯುವುದನ್ನು ಬಿಡಬೇಡಿ ಎಂದರು. ಅವರ ಕಡೆ ಕ್ಲಾಸ್ ‘ಟೇಕ್’ ಮಾಡುವವರು ವಿದ್ಯಾರ್ಥಿಗಳು. ಬ್ರಿಟಿಷರಲ್ಲಿ ಮೇಷ್ಟರೂ ಮಾಡಬಹುದು ಎಂಬ ಸಮಾಧಾನ ನನಗೆ ಹೊಳೆಯುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಈಗ ‘ಟೀಚ್’ ಎಂದೇ ಹೇಳುತ್ತೇನೆ.

ಚಹಾಕ್ಕೆ ‘ಹ್ಯಾವ್’ ಒಳ್ಳೆಯದು. ಆದರೆ ಮನೆಗೆ ಬಂದವರಿಗೆ ‘ಟೇಕ್ ಟೀ’ ಎಂದವರನ್ನು ನಾನು ತಿದ್ದುವುದಿಲ್ಲ, ಚಹಾ ಆರಿಹೋಗುತ್ತದೆ.

ಭೂತಕಾಲಕ್ಕೆ ‘ಟುಕ್’, ‘ಹ್ಯಾವ್’ ಮುಂದೆ ಬಂದರೆ ‘ಟೇಕನ್’. ‘ಐ ಹ್ಯಾವ್ ಟುಕ್’ ಎನ್ನಬೇಡಿ, ಅಷ್ಟೇ. ಅಂದಹಾಗೆ ಈ ಪದ ಇಂಗ್ಲಿಷಿನ ಮನೆಮಗಳಲ್ಲ. ಉತ್ತರ ಯುರೋಪಿನಿಂದ ಕಡಲು ದಾಟಿ ಇಂಗ್ಲೆಂಡಿಗೆ ಬಂದ ವೈಕಿಂಗರ ನಾರ್ಸ್ ಭಾಷೆಯ ‘ತಕ’ದಿಂದ ಬಂದ ಸೊಸೆ. ಅಲ್ಲಿದ್ದ ಅದೇ ಅರ್ಥದ ಹಳೆಯ ಕ್ರಿಯಾಪದ ‘ನಿಮನ್’ ಅನ್ನು ಮನೆಯಿಂದಲೇ ಹೊರಹಾಕಿತು. ‘ನಂಬ್’ (ಮರಗಟ್ಟಿದ), ‘ನಿಂಬಲ್’ (ಚುರುಕಾದ) ಎಂಬ ಇಂಗ್ಲಿಷ್ ಪದಗಳಲ್ಲಿ ಅದರ ಗುರುತು ಉಳಿದಿದೆ.

ಬೆನ್ನಿಗೆ ಬರುವ ಪುಟ್ಟ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ವಾರಕ್ಕೆ ಎರಡು ಸಾಕು. ಚಪ್ಪಲಿ ಬಿಡುವುದೂ ‘ಟೇಕ್ ಆಫ್’, ವಿಮಾನ ಏರುವುದೂ ‘ಟೇಕ್ ಆಫ್’. 2019ರ ನವೆಂಬರ್‌ನಲ್ಲಿ ನಮ್ಮ ವಿಮಾನ ನಿಲ್ದಾಣ ಶುರುವಾದ ಮೇಲೆ ಎರಡನೆಯದನ್ನು ವಿವರಿಸುವ ಶ್ರಮ ತಪ್ಪಿತು. ‘ಟೇಕ್ ಆಫ್ಟರ್’ ಎಂದರೆ ಹೋಲುವುದು: ಮೂಗು ಅಪ್ಪನದು, ಸಿಟ್ಟು ಅಜ್ಜಿಯದು.

ಕೊನೆಯದಾಗಿ ಸಮಯ. ‘ಇಟ್ ಟೇಕ್ಸ್’, ಆಮೇಲೆ ಯಾರಿಗೆ, ಆಮೇಲೆ ಎಷ್ಟು ಹೊತ್ತು, ಆಮೇಲೆ ‘ಟು’ ಸೇರಿಸಿ ಕೆಲಸ. ನಮ್ಮ ‘ಬೀದರಿಗೆ ಮೂರು ತಾಸು ಹಿಡಿಯುತ್ತದೆ’ ಎಂಬಲ್ಲಿನ ‘ಹಿಡಿ’ಯೇ ಇದು. ಮನೆಗೆ ಹೋಗುವ ಮುಂಚೆ ಪ್ರತಿ ಮಗುವೂ ತನ್ನ ಮನೆಯ ಕೆಲಸವೊಂದನ್ನು ಹೀಗೆ ಹೇಳಬೇಕು. ಮೊನ್ನೆ ಏಳನೆಯ ತರಗತಿಯ ಹುಡುಗ, ತನ್ನ ತಾಯಿಗೆ ಹತ್ತು ಜೋಳದ ರೊಟ್ಟಿ ಬಡಿಯಲು ಹತ್ತು ನಿಮಿಷ ಹಿಡಿಯುತ್ತದೆ ಎಂದು ಒಂದೂ ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದ. ವ್ಯಾಕರಣ ಸರಿ, ಲೆಕ್ಕ ಸುಳ್ಳು ಎಂದು ಪಕ್ಕದ ಹುಡುಗಿ ಜಗಳಕ್ಕೆ ನಿಂತಳು.