ಆಂಟಿವೈರಸ್ ಜಾಹೀರಾತನ್ನು ಓದುವ ಬಗೆ

ಆಂಟಿವೈರಸ್ ಕೊಳ್ಳುವ ಮುನ್ನ, ಇಲ್ಲವೇ ಹಳೆಯದರ ಚಂದಾ ನವೀಕರಿಸುವ ಮುನ್ನ, ಅದರ ಜಾಹೀರಾತನ್ನು ಒಮ್ಮೆ ಪೆನ್ಸಿಲ್ ಹಿಡಿದು ಓದಬೇಕು. ಪರೀಕ್ಷಿಸಿ ನೋಡಲು ಸಾಧ್ಯವೇ ಇಲ್ಲದ ಮಾತುಗಳನ್ನು ಮೊದಲು ಹೊಡೆದುಹಾಕಿ. 'ಮುಂದಿನ ತಲೆಮಾರಿನ ರಕ್ಷಣೆ', 'ಕೋಟ್ಯಂತರ ಜನರ ನಂಬಿಕೆ' ಇವೆಲ್ಲ ಆ ಗುಂಪಿನವು. 'ಸೇನಾ ದರ್ಜೆಯ ಭದ್ರತೆ' ಎಂದರೆ ಸಾಮಾನ್ಯವಾಗಿ ಎಇಎಸ್ ಎಂಬ ಗೂಢಲಿಪೀಕರಣ, ಅಂದರೆ ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಬದಲಿಸುವ ವಿಧಾನ. ನೀವು ಬ್ಯಾಂಕಿನ ಪುಟ ತೆರೆದಾಗ ನಿಮ್ಮ ಬ್ರೌಸರ್ ಅದನ್ನೇ ಪುಕ್ಕಟೆಯಾಗಿ ಬಳಸುತ್ತಿರುತ್ತದೆ.

ಉಳಿಯುವುದು ಅಂಕಿಗಳು. 'ಶೇ. 100 ರಕ್ಷಣೆ' ಎಂದು ಯಾರೇ ಬರೆದರೂ ಅಲ್ಲೇ ನಿಲ್ಲಿ. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸಬಲ್ಲ ಪ್ರೋಗ್ರಾಂ ಒಂದನ್ನು ಬರೆಯಲಾಗದು ಎಂಬುದನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದ ಮೂಲಕ ತೋರಿಸಿದ್ದರು. ಆದ್ದರಿಂದ ಆ ನೂರು ಯಾವುದೋ ಒಂದು ಪರೀಕ್ಷೆಯಲ್ಲಿ ಬಂದ ನೂರೇ ಆಗಿರಬೇಕು. ಯಾರು, ಯಾವ ತಿಂಗಳು, ಎಷ್ಟು ವೈರಸ್ ಮಾದರಿಗಳ ಮೇಲೆ, ಯಾವ ಆವೃತ್ತಿಯನ್ನು ಪರೀಕ್ಷಿಸಿದರು ಎಂಬುದನ್ನು ನಕ್ಷತ್ರ ಚಿಹ್ನೆಯ ಜಾಡು ಹಿಡಿದು ಕೆಳಗಿನ ಸಣ್ಣಕ್ಷರಗಳಲ್ಲಿ ಹುಡುಕಿ. ಸುಳ್ಳು ಎಚ್ಚರಿಕೆಗಳ ಲೆಕ್ಕವನ್ನೂ ಕೇಳಿ. ಎದುರಾದ ಕಡತವನ್ನೆಲ್ಲ ವೈರಸ್ ಎಂದು ಕೂಗುವ ತಂತ್ರಾಂಶಕ್ಕೂ ಪತ್ತೆಯಲ್ಲಿ ನೂರಕ್ಕೆ ನೂರು ಸಿಗುತ್ತದೆ.

ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂಬ 3 ವಿಭಾಗಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಒಂದೇ ಸುತ್ತಿನಲ್ಲಿ ಹಲವು ಉತ್ಪನ್ನಗಳು 18ನ್ನೂ ಪಡೆಯುವುದುಂಟು. ಹೀಗಾಗಿ 'ಅತ್ಯುನ್ನತ ಅಂಕ ಪಡೆದದ್ದು' ಎಂಬುದು ನಿಜವಾಗಿದ್ದರೂ, ಅದನ್ನು 'ಎಲ್ಲರಿಗಿಂತ ಮೇಲು' ಎಂದು ನೀವೇ ಅರ್ಥಮಾಡಿಕೊಳ್ಳಲಿ ಎಂಬುದು ಜಾಹೀರಾತಿನವರ ಆಸೆ. ಫಲಿತಾಂಶ ಆ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದೇ ಪಟ್ಟಿಯಲ್ಲಿ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್‌ನ ಸಾಲನ್ನೂ ನೋಡಿ. ಈ ಹೋಲಿಕೆಯನ್ನು ಜಾಹೀರಾತು ತಾನಾಗಿ ಮಾಡಿಕೊಡುವುದು ಅಪರೂಪ.

ಪರೀಕ್ಷೆಗೆ ಹೋದದ್ದೂ ಮಾರಾಟಕ್ಕೆ ಬಂದದ್ದೂ ಒಂದೇ ಎಂದು ಸಹ ನೆಚ್ಚುವಂತಿಲ್ಲ. ಚೀನಾದ ಆಂಟಿವೈರಸ್ ಕಂಪನಿ ಚಿಹೂ 360, ಬಿಟ್‌ಡಿಫೆಂಡರ್ ಎಂಬ ಬೇರೆ ಕಂಪನಿಯ ವೈರಸ್ ಪತ್ತೆ ಎಂಜಿನ್ ಚಾಲೂ ಇದ್ದ ಆವೃತ್ತಿಯನ್ನು ಪರೀಕ್ಷೆಗೆ ಕಳಿಸಿ, ತನ್ನ ಮುಖ್ಯ ಮಾರುಕಟ್ಟೆಯಲ್ಲಿ ಆ ಎಂಜಿನ್ನನ್ನು ನಿಷ್ಕ್ರಿಯವಾಗಿಟ್ಟು ವಿತರಿಸುತ್ತಿದ್ದುದು 2015ರಲ್ಲಿ ಬಯಲಾಗಿ, 3 ಪ್ರಯೋಗಾಲಯಗಳು ಆ ವರ್ಷದ ಪ್ರಮಾಣಪತ್ರಗಳನ್ನು ಹಿಂತೆಗೆದುಕೊಂಡವು. ಮೊಬೈಲ್ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಿ: ಆಸ್ಟ್ರಿಯಾದ ಪರೀಕ್ಷಾ ಸಂಸ್ಥೆ ಎವಿ-ಕಂಪ್ಯಾರಟಿವ್ಸ್ 2019ರಲ್ಲಿ 250 ಆಂಡ್ರಾಯ್ಡ್ ಆಪ್‌ಗಳನ್ನು 2,000 ಕುತಂತ್ರಾಂಶಗಳ (ಹಾನಿ ಮಾಡುವ ತಂತ್ರಾಂಶಗಳ) ಎದುರು ನಿಲ್ಲಿಸಿದಾಗ, ಸುಳ್ಳು ಎಚ್ಚರಿಕೆ ಕೊಡದೆ ಶೇ. 30ಕ್ಕಿಂತ ಹೆಚ್ಚನ್ನು ಹಿಡಿದವು 80 ಮಾತ್ರ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು 'ಉಚಿತ ತಪಾಸಣೆ'ಯಲ್ಲಿ. ಅಮೆರಿಕದ ಆಫೀಸ್ ಡಿಪೋ ಮಳಿಗೆಗಳಲ್ಲಿ ಗ್ರಾಹಕರ ಕಂಪ್ಯೂಟರನ್ನು ಪುಕ್ಕಟೆಯಾಗಿ ಪರೀಕ್ಷಿಸುತ್ತಿದ್ದರು. ಯಂತ್ರ ನಿಧಾನವಾಗಿದೆಯೇ, ಆಗಾಗ ನಿಂತುಹೋಗುತ್ತದೆಯೇ ಎಂಬಂಥ 4 ಪ್ರಶ್ನೆಗಳನ್ನು ಮೊದಲು ಕೇಳುತ್ತಿದ್ದರು. ಒಂದಕ್ಕೆ ಹೌದೆಂದು ಗುರುತು ಹಾಕಿದರೂ ಸಾಕು, ತಪಾಸಣೆಯಲ್ಲಿ ಏನು ಕಂಡರೂ ಕಾಣದಿದ್ದರೂ ಕುತಂತ್ರಾಂಶದ ಲಕ್ಷಣಗಳಿವೆ ಎಂಬ ವರದಿ ಬರುತ್ತಿತ್ತು ಎಂಬುದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ. ಆಫೀಸ್ ಡಿಪೋ ಮತ್ತು ಆ ತಂತ್ರಾಂಶ ಒದಗಿಸಿದ ಸಪೋರ್ಟ್.ಕಾಮ್ 2019ರಲ್ಲಿ ಒಟ್ಟು 3.5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡವು. ಆದುದರಿಂದ ಉಚಿತ ತಪಾಸಣೆ 'ದೋಷಗಳು ಪತ್ತೆಯಾಗಿವೆ' ಎಂದಾಗ ಯಾವ ಕಡತ, ಎಲ್ಲಿದೆ, ಅದರ ಹೆಸರೇನು ಎಂದು ನೋಡಿ. ಹೆಸರಿಲ್ಲದೆ ಬರೀ ಸಂಖ್ಯೆ ತೋರಿಸಿ ಹಣ ಕೇಳಿದರೆ ಮುಚ್ಚಿಬಿಡಿ. ಕುಕಿಗಳನ್ನೂ (ಜಾಲತಾಣಗಳು ಬ್ರೌಸರ್‌ನಲ್ಲಿ ಇಡುವ ಪುಟ್ಟ ಮಾಹಿತಿ ತುಣುಕುಗಳು) ತಾತ್ಕಾಲಿಕ ಕಡತಗಳನ್ನೂ 'ಅಪಾಯ'ಗಳ ಲೆಕ್ಕಕ್ಕೆ ಸೇರಿಸಿ ಸಂಖ್ಯೆಯನ್ನು ಹಿಗ್ಗಿಸುವವರೂ ಇದ್ದಾರೆ.

'ನಿಮ್ಮ ಖಾಸಗಿತನ ಕಾಯುತ್ತೇವೆ' ಎಂಬ ಸಾಲಿದ್ದರೆ ಖಾಸಗಿತನ ನೀತಿಯ ಪುಟ ತೆರೆದು, ಮಾಹಿತಿಯನ್ನು 'ಮೂರನೆಯವರಿಗೆ' ಕೊಡುವ ಬಗ್ಗೆ ಏನಿದೆ ಎಂದು ಓದಿ. ಜಾಲದಲ್ಲಿ ನಿಮ್ಮನ್ನು ಹಿಂಬಾಲಿಸುವವರನ್ನು ತಡೆಯುತ್ತೇವೆಂದು ಪ್ರಚಾರ ಮಾಡಿದ ಆಂಟಿವೈರಸ್ ಕಂಪನಿ ಅವಾಸ್ಟ್, ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರಿದ ಆರೋಪದಲ್ಲಿ 1.65 ಕೋಟಿ ಡಾಲರ್ ತೆರಬೇಕೆಂಬ ಆದೇಶವನ್ನು ಅದೇ ಕಮಿಷನ್ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು.

ಬೆಲೆಯಲ್ಲಿ ನೋಡಬೇಕಾದದ್ದು ಎರಡನೆಯ ವರ್ಷದ ದರ ಮತ್ತು ತಾನಾಗಿ ನವೀಕರಣವಾಗುವ ಆಯ್ಕೆ. ರಿಯಾಯಿತಿ ಮುಗಿಯಲು ಇಷ್ಟೇ ಹೊತ್ತು ಎಂದು ಎಣಿಕೆ ಇಳಿಯುತ್ತಿರುವ ಗಡಿಯಾರ ಕಂಡರೆ ಪುಟವನ್ನು ಮರುದಿನ ಮತ್ತೆ ತೆರೆದು ನೋಡಿ; ಅದು ಮತ್ತೆ ಮೊದಲಿನಿಂದ ಓಡುತ್ತಿದ್ದರೆ ಆ ತುರ್ತು ಹುಸಿ.

ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ವಂಚಕ ವಿನ್ಯಾಸಗಳಲ್ಲಿ ಹುಸಿ ತುರ್ತು, ಚಂದಾ ಬಲೆ (ಚಂದಾ ರದ್ದುಮಾಡಲು ಕಷ್ಟವಾಗುವಂತೆ ಮಾಡುವುದು) ಮತ್ತು ಇಲ್ಲದ ವೈರಸ್ ತೋರಿಸಿ ಹಣ ಕೀಳುವುದು, ಈ ಮೂರೂ ಸೇರಿವೆ. ಇಂಥದ್ದು ಎದುರಾದರೆ ಪುಟದ ವಿಳಾಸ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.