ಚಳಿ ಎಷ್ಟು ಡಿಗ್ರಿ? ಮನೆಯಲ್ಲಿ ಅಳೆಯುವ ಬಗೆ, ಸುದ್ದಿಯಲ್ಲಿ ಓದುವ ಬಗೆ

ಒಂದೇ ದಿನ, ಒಂದೇ ಊರು. ಚಳಿಗೆ ಪತ್ರಿಕೆಯಲ್ಲೊಂದು ಅಂಕಿ, ಟಿವಿಯಲ್ಲಿ ಇನ್ನೊಂದು, ಮೊಬೈಲಿನಲ್ಲಿ ಮತ್ತೊಂದು. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಎಲ್ಲಿ ಅಳೆದರು, ನೆಲದಿಂದ ಎಷ್ಟು ಎತ್ತರದಲ್ಲಿ ಅಳೆದರು, ಯಾವ ಹೊತ್ತಿನಲ್ಲಿ ಅಳೆದರು ಎಂಬುದರಿಂದಲೇ ಮೂರು ನಾಲ್ಕು ಡಿಗ್ರಿ ಹೆಚ್ಚುಕಮ್ಮಿಯಾಗುತ್ತದೆ. ಇದು ಮನವರಿಕೆಯಾಗಬೇಕಾದರೆ ಒಂದು ಮಾಗಿಯ ಕಾಲವಿಡೀ ಮನೆಯಲ್ಲೇ ಅಳೆದು ನೋಡಬೇಕು. ಖರ್ಚು ಹೆಚ್ಚಿಲ್ಲ, ಶಿಸ್ತು ಬೇಕು.

ಥರ್ಮಾಮೀಟರ್ ಮತ್ತು ಅದರ ಪರೀಕ್ಷೆ

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಅದರ ಅಳತೆ ಶುರುವಾಗುವುದೇ 30ರ ಮೇಲೆ. ಬೇಕಾದದ್ದು ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್. ನೀರಿಗೆ ಜಗ್ಗದ ತುದಿಯಿರುವ, ಮೀಟರ್ ಎರಡು ಮೀಟರ್ ವಯರಿನದನ್ನು ಕೊಳ್ಳಿ. U ಆಕಾರದ ಹಳೆಯ ಗಾಜಿನ ಮಾದರಿಯೂ ನಡೆಯುತ್ತದೆ. ಅದರಲ್ಲಿ ಕನಿಷ್ಠದ ಕಡೆಯ ಅಂಕಿಗಳು ತಲೆಕೆಳಗಾಗಿರುತ್ತವೆ: ಮೇಲೆ ಹೋದಷ್ಟೂ ಚಳಿ ಹೆಚ್ಚು. ಪಾದರಸ ತಳ್ಳಿ ನಿಲ್ಲಿಸಿದ ಪುಟ್ಟ ಕಡ್ಡಿಯ ಕೆಳತುದಿಯನ್ನು ಓದಬೇಕು. ಮೇಲಿನ ತುದಿ ಓದಿದರೆ ಲೆಕ್ಕ ತಪ್ಪುತ್ತದೆ. ಪಾದರಸದ ಎಳೆ ನಡುವೆ ತುಂಡಾಗಿದ್ದರೆ ಅದನ್ನು ಕೊಳ್ಳಲೇಬೇಡಿ.

ಅಗ್ಗದ ಡಿಜಿಟಲ್‌ಗಳಲ್ಲಿ ಒಂದು ಡಿಗ್ರಿಯ ದೋಷ ಮಾಮೂಲು. ಅದನ್ನು ಹಿಡಿಯಲು ಒಂದು ಲೋಟ ಮಂಜುಗಡ್ಡೆ ಸಾಕು. ಗಡ್ಡೆಗಳನ್ನು ಬಟ್ಟೆಯಲ್ಲಿ ಸುತ್ತಿ ಜಜ್ಜಿ, ಲೋಟದ ಕಂಠದವರೆಗೆ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಿ. ಫ್ರೀಜರಿನಿಂದ ಆಗಷ್ಟೇ ತೆಗೆದ ಗಡ್ಡೆ ಸೊನ್ನೆಗಿಂತ ಬಹಳ ಕೆಳಗಿರುತ್ತದೆ, ಅದರ ಮೈ ಒದ್ದೆಯಾಗಿ ಹೊಳೆಯುವ ತನಕ ಕಾಯಿರಿ. ನೀರು ಹೆಚ್ಚಾದರೂ ತಪ್ಪು: ಗಡ್ಡೆ ಮೇಲೆ ತೇಲಿ, ತಳದಲ್ಲಿ 4 ಡಿಗ್ರಿಯವರೆಗಿನ ನೀರು ನಿಲ್ಲುತ್ತದೆ. ಥರ್ಮಾಮೀಟರಿನ ತುದಿ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ನಡುವೆ ಹಿಡಿದು, ಕಲಕುತ್ತಾ ಐದು ನಿಮಿಷ ಬಿಡಿ. ಅಂಕಿ 0.7ಕ್ಕೆ ನಿಂತರೆ ಇನ್ನು ಮುಂದೆ ಪ್ರತಿ ಓದಿನಿಂದ 0.7 ಕಳೆಯಿರಿ. ಅದನ್ನು ಥರ್ಮಾಮೀಟರಿನ ಬೆನ್ನಿಗೇ ಬರೆದು ಅಂಟಿಸಿ, ಇಲ್ಲದಿದ್ದರೆ ಮರೆಯುತ್ತದೆ.

ಗೂಡು

ಹವಾಮಾನ ಇಲಾಖೆ ಥರ್ಮಾಮೀಟರುಗಳನ್ನು ಸ್ಟೀವನ್‌ಸನ್ ಪೆಟ್ಟಿಗೆಯಲ್ಲಿ ಇಡುತ್ತದೆ. ಅದು ಬಿಳಿ ಬಣ್ಣ ಬಳಿದ, ನಾಲ್ಕೂ ಕಡೆ ಜಾಲರಿಪಟ್ಟಿಯಿರುವ ಮರದ ಪೆಟ್ಟಿಗೆ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಬಾಗಿಲು ತೆರೆದಾಗ ಬಿಸಿಲು ಒಳಗೆ ಬೀಳದಿರಲಿ ಎಂದು ಅದನ್ನು ಉತ್ತರಕ್ಕೆ ಇಟ್ಟಿರುತ್ತಾರೆ.

ಮನೆಯಲ್ಲಿ ಇದಕ್ಕೆ ಬದಲಿ ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳು. 15ರಿಂದ 18 ಸೆಂ.ಮೀ. ಅಗಲದ ಏಳೆಂಟು ತಟ್ಟೆ ತನ್ನಿ. ಎರಡನ್ನು ಹಾಗೇ ಬಿಟ್ಟು ಉಳಿದವುಗಳ ನಡುವೆ 5 ಸೆಂ.ಮೀ. ತೂತು ಕೊರೆಯಿರಿ. ಬಾಗದೆ ಪಟಕ್ಕನೆ ಸೀಳುವ ಪ್ಲಾಸ್ಟಿಕ್ ಬೇಡ, ಬೆರಳಲ್ಲಿ ಒತ್ತಿದರೆ ಕೊಂಚ ಬಳುಕುವಂಥದ್ದು ನೋಡಿ ತನ್ನಿ. ಎಲ್ಲವನ್ನೂ ಬೋರಲಾಗಿ ಒಂದರ ಕೆಳಗೊಂದು ಇಟ್ಟು, 30 ಸೆಂ.ಮೀ. ಉದ್ದದ ಮೂರು ತಿರುಪುಮರೆಯ (ಥ್ರೆಡ್ ಇರುವ) ಕಂಬಿಗಳಲ್ಲಿ ಪೋಣಿಸಿ. ಪ್ರತಿ ಎರಡು ತಟ್ಟೆಗಳ ನಡುವೆ ವೈರಿಂಗ್ ಪೈಪಿನ 2 ಸೆಂ.ಮೀ. ತುಂಡು ಬರಲಿ. ತೂತಿಲ್ಲದ ತಟ್ಟೆಗಳು ತುತ್ತತುದಿಗೆ ಮತ್ತು ತಳಕ್ಕೆ. ಥರ್ಮಾಮೀಟರಿನ ತುದಿ ಒಳಗಿನ ಪೊಳ್ಳಿನ ನಡುವೆ, ಯಾವ ತಟ್ಟೆಗೂ ತಾಗದಂತೆ ತೂಗಬೇಕು. ತಳದ ತಟ್ಟೆಯನ್ನು ಕೆಲವರು ಹಾಕುವುದಿಲ್ಲ. ಹಾಗೆ ಬಿಟ್ಟರೆ ನೆಲದ ಕಾವು ನೇರ ತುದಿಗೇ ಬಡಿಯುತ್ತದೆ.

ಇದನ್ನು ಅಂಗಳದ ಕಂಬಕ್ಕೆ, ನಿಮ್ಮ ಎದೆಯೆತ್ತರಕ್ಕೆ ಕಟ್ಟಿ. ಗೋಡೆಯಿಂದ ದೂರವಿದ್ದಷ್ಟೂ ಒಳ್ಳೆಯದು. ಪಡುವಣ ಗೋಡೆ ಸಂಜೆಯವರೆಗೆ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಉಗುಳುತ್ತಿರುತ್ತದೆ, ಕಾಂಕ್ರೀಟಿನ ತಾರಸಿಯೂ ಅಷ್ಟೆ. ಅಂಗಳವೇ ಇಲ್ಲದ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಉತ್ತರದ ಬಾಲ್ಕನಿಯ ಸರಳಿನಿಂದಾಚೆಗೆ ಚಾಚಿ ಕಟ್ಟುವುದೊಂದೇ ದಾರಿ. ಆ ಅಂಕಿಯನ್ನು ಇಲಾಖೆಯ ಅಂಕಿಯ ಪಕ್ಕದಲ್ಲಿಟ್ಟು ಜಗಳ ಮಾಡಬೇಡಿ. ನಿನ್ನೆಯ ನಿಮ್ಮದೇ ಅಂಕಿಯ ಜೊತೆ ಹೋಲಿಸಿದರೆ ಅರ್ಥವಿದೆ.

ಓದುವ ಹೊತ್ತು

ರಾತ್ರಿಯಿಡೀ ನೆಲ ಆಕಾಶಕ್ಕೆ ಶಾಖ ಕಳೆದುಕೊಳ್ಳುತ್ತಲೇ ಇರುತ್ತದೆ. ಸೂರ್ಯ ಹುಟ್ಟಿದ ಕೂಡಲೇ ಆ ನಷ್ಟ ತುಂಬುವುದಿಲ್ಲ. ಹಾಗಾಗಿ ದಿನದ ಅತಿ ಚಳಿಯ ಗಳಿಗೆ ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ, ಎಷ್ಟೋ ಸಲ ಅದಾದ ಸ್ವಲ್ಪ ಹೊತ್ತಿಗೆ ಬರುತ್ತದೆ. ಇಲಾಖೆ ಕನಿಷ್ಠವನ್ನು ದಾಖಲಿಸುವುದು ಬೆಳಗ್ಗೆ 8.30ಕ್ಕೆ, ನೀವೂ ಆಗಲೇ ಓದಿ. ಆದರೆ ನೆನಪನ್ನು ಅಳಿಸುವ ಗುಂಡಿಯನ್ನು ಆಗ ಒತ್ತಬೇಡಿ. ಬೆಳಗ್ಗೆ ಅಳಿಸಿದರೆ ಆ ಗಳಿಗೆಯ ಚಳಿಯೇ ಹೊಸ ದಿನದ ಕನಿಷ್ಠವಾಗಿ ಕೂತುಬಿಡುತ್ತದೆ. ಮರುರಾತ್ರಿ ಮೋಡ ಕವಿದು ಬೆಚ್ಚಗಿದ್ದರೂ ಪುಸ್ತಕದಲ್ಲಿ ಎರಡು ದಿನ ಚಳಿ ಬೀಳುತ್ತದೆ. ಓದುವುದು ಬೆಳಗ್ಗೆ, ಅಳಿಸುವುದು ಸಂಜೆ. ಅಂಕಿಯ ಪಕ್ಕದಲ್ಲಿ ಮೋಡ, ಗಾಳಿ, ಇಬ್ಬನಿ ಇತ್ತೇ ಎಂದು ಒಂದೊಂದು ಪದ ಬರೆದಿಡಿ.

ಇನ್ನೊಂದು ಥರ್ಮಾಮೀಟರ್ ಇದ್ದರೆ ಒಂದು ಸೋಜಿಗ ನೋಡಬಹುದು. ಮೋಡವಿಲ್ಲದ, ಎಲೆ ಅಲುಗದ ರಾತ್ರಿ ಅದನ್ನು ಬಯಲಲ್ಲಿ ಹುಲ್ಲಿನ ಮೇಲೆ ಮಲಗಿಸಿ. ಬೆಳಗ್ಗೆ ಗೂಡಿನದಕ್ಕಿಂತ ಹುಲ್ಲಿನದು ಕೆಲವು ಡಿಗ್ರಿ ಕೆಳಗಿರುತ್ತದೆ. ಸಂಜೆ ಊರಿನ ಒಲೆಯ ಹೊಗೆ ಮೇಲೇರದೆ ಅಡ್ಡಕ್ಕೆ ಹರಡಿ ನಿಲ್ಲುವುದೂ ಇದರಿಂದಲೇ: ನೆಲಕ್ಕಂಟಿದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಗಾಳಿ ಬೀಸಿದರೆ ಎರಡೂ ಬೆರೆತು ವ್ಯತ್ಯಾಸ ಅಳಿಯುತ್ತದೆ. ಮೋಡವಿದ್ದರೆ ಅದು ಶಾಖವನ್ನು ನೆಲಕ್ಕೇ ಹಿಂದಿರುಗಿಸುತ್ತದೆ. ಇದೇ ತಂತ್ರದಿಂದ ಹದಿನೆಂಟನೇ ಶತಮಾನದಲ್ಲಿ ಅಲಹಾಬಾದಿನ ಬಯಲಲ್ಲಿ ಮಂಜುಗಡ್ಡೆ ಮಾಡುತ್ತಿದ್ದರು. ಸುಮಾರು ಎರಡಡಿ ಆಳದ ಗುಂಡಿಗೆ ಒಣಗಿದ ಕಬ್ಬಿನ ಅಥವಾ ಜೋಳದ ದಂಟು ಹಾಸಿ, ಅದರ ಮೇಲೆ ಮೆರುಗಿಲ್ಲದ ಮಣ್ಣಿನ ಚಪ್ಪಟೆ ತಟ್ಟೆಗಳಲ್ಲಿ ನೀರಿಡುತ್ತಿದ್ದರು. ದಂಟಿನ ಹಾಸು ನೆಲದ ಕಾವನ್ನು ತಡೆಯುತ್ತಿತ್ತು. ಗಾಳಿಯ ಉಷ್ಣಾಂಶ ಸೊನ್ನೆ ಮುಟ್ಟದಿದ್ದರೂ ತಟ್ಟೆಯ ನೀರು ಹೆಪ್ಪುಗಟ್ಟುತ್ತಿತ್ತು. ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲಿ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿ ಬರೆದ.

‘ಶೀತಗಾಳಿ’ ಸುದ್ದಿ

ಪತ್ರಿಕೆಯ ‘ಮೈ ಕೊರೆಯುವ ಚಳಿ’ಗೆ ಯಾವ ಅಳತೆಯೂ ಇಲ್ಲ. ‘ಶೀತಗಾಳಿ’ಗೆ ಇದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿಯಬೇಕು, ಜೊತೆಗೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆ ಇರಬೇಕು. 6.4ನ್ನೂ ಮೀರಿದರೆ ‘ತೀವ್ರ ಶೀತಗಾಳಿ’. ಕನಿಷ್ಠವೇ 4ಕ್ಕೆ ಇಳಿದರೆ ವಾಡಿಕೆ ನೋಡುವ ಹಾಗಿಲ್ಲ, ಅದು ಶೀತಗಾಳಿಯೇ. 2ಕ್ಕೆ ಇಳಿದರೆ ತೀವ್ರ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ ಹೀಗಿದ್ದರೆ ಎರಡನೇ ದಿನ ಘೋಷಣೆ. ನಮ್ಮಲ್ಲಿ ಅಂಥ ಉಪವಿಭಾಗ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು.

ಲೆಕ್ಕ ಹಾಕಿ ನೋಡಿ. ವಾಡಿಕೆ 14 ಇರುವ ಊರಲ್ಲಿ 9 ಆದರೆ ಕೊರತೆ 5, ಎರಡೂ ನಿಯಮ ಕೂಡಿತು. ವಾಡಿಕೆ 16 ಇರುವಲ್ಲಿ 11.2 ಆದರೆ ಕೊರತೆ 4.8 ಇದ್ದರೂ 10ರ ಗೆರೆ ದಾಟಲಿಲ್ಲ, ಹಾಗಾಗಿ ಶೀತಗಾಳಿ ಅಲ್ಲ. ಕಲ್ಯಾಣ ಕರ್ನಾಟಕದಲ್ಲಿ ಈ ಎಚ್ಚರಿಕೆ ಮತ್ತೆ ಮತ್ತೆ ಕೇಳಿಬಂದು, ಬೆಂಗಳೂರಿನಲ್ಲಿ ಎಲ್ಲರೂ ಸ್ವೆಟರ್ ಹಾಕಿದರೂ ಬಾರದಿರುವುದು ಇದಕ್ಕೇ.

‘ವಾಡಿಕೆ’ ಎಂದರೆ ಮೂವತ್ತು ವರ್ಷಗಳ ಸರಾಸರಿ. ಅಷ್ಟು ಕಾಲದ ದಾಖಲೆಯಿರುವ ಕೇಂದ್ರಕ್ಕೆ ಮಾತ್ರ ಅದು ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಹೋಬಳಿ ಮಟ್ಟದಲ್ಲಿವೆ. ತಗ್ಗಿನ ಹೊಲದ ಪಕ್ಕದಲ್ಲಿರುವ ಯಂತ್ರ ಜಿಲ್ಲಾ ಕೇಂದ್ರಕ್ಕಿಂತ ಕಡಿಮೆ ತೋರಿಸುವುದು ಸಹಜ. ಸುದ್ದಿಯಲ್ಲಿ ಅಂಕಿ ಕಂಡರೆ ಮೊದಲು ಯಾವ ಕೇಂದ್ರದ್ದು ಎಂದು ನೋಡಿ. ಬೆಂಗಳೂರಿಗೇ ನಗರ, ಎಚ್‌ಎಎಲ್, ಕೆಂಪೇಗೌಡ ವಿಮಾನ ನಿಲ್ದಾಣ ಎಂದು ಬೇರೆ ಬೇರೆ ಅಂಕಿಗಳಿವೆ. ‘ದಾಖಲೆಯ ಚಳಿ’ ಎಂದರೆ ನಗರದ ಗೆರೆ 1884ರ ಜನವರಿ 13ರ 7.8 ಡಿಗ್ರಿ. ಅದನ್ನು ಮುರಿಯದೆ ‘ದಾಖಲೆ’ ಎಂದರೆ ಎಷ್ಟು ವರ್ಷದ್ದು ಎಂದು ಕೇಳಲೇಬೇಕು.

ಬಂಗಾಳಕೊಲ್ಲಿಯಲ್ಲಿ ಚಂಡಮಾರುತವಿದ್ದಾಗಿನ ಜಿಟಿಜಿಟಿ ಚಳಿ ಬೇರೆ ಜಾತಿಯದು. ಬಿಸಿಲಿಲ್ಲದೆ ಗರಿಷ್ಠ ಕುಸಿಯುತ್ತದೆ, ಮೋಡದಿಂದಾಗಿ ಕನಿಷ್ಠ ವಾಡಿಕೆಗಿಂತ ಮೇಲೇ ಇರುತ್ತದೆ. ಹಗಲೆಲ್ಲ ನಡುಗಿದರೂ ನಿಮ್ಮ ಪುಸ್ತಕದಲ್ಲಿ ಅದು ಬೆಚ್ಚಗಿನ ರಾತ್ರಿ. ಹೊದಿಕೆಯ ಲೆಕ್ಕಕ್ಕೆ ಕನಿಷ್ಠ, ಬಟ್ಟೆ ಒಣಗುವ ಲೆಕ್ಕಕ್ಕೆ ಗರಿಷ್ಠ.

ಮಂಜಿನ ಸುದ್ದಿಗೂ ಅಳತೆಯಿದೆ. 1000 ಮೀಟರಿನಾಚೆಯದು ಕಾಣದಿದ್ದರೆ ಮಂಜು, 200 ಮೀಟರಿನಾಚೆಯದು ಕಾಣದಿದ್ದರೆ ದಟ್ಟ, 50 ಮೀಟರಿನಾಚೆಯದು ಕಾಣದಿದ್ದರೆ ಅತಿ ದಟ್ಟ. ರಸ್ತೆಯ ಕರೆಂಟು ಕಂಬಗಳ ಅಂತರವನ್ನು ಒಮ್ಮೆ ಹೆಜ್ಜೆ ಹಾಕಿ ಅಳೆದಿಟ್ಟರೆ, ಬೆಳಗ್ಗೆ ಎಷ್ಟು ಕಂಬ ಕಾಣುತ್ತವೆ ಎಂದು ಎಣಿಸಿದರೆ ಮುಗಿಯಿತು.

ವಾಟ್ಸಾಪಿನ ಚಳಿ

‘ನಾಳೆ ಬೆಳಗ್ಗೆ 5.27ರಿಂದ ಅಫೀಲಿಯನ್ ಶುರು, ಭೂಮಿ ಸೂರ್ಯನಿಂದ ದೂರ ಹೋಗುತ್ತದೆ, ಚಳಿ ಕೆಮ್ಮು ಹೆಚ್ಚುತ್ತವೆ’ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತದೆ. ಸೂರ್ಯ 9 ಕೋಟಿ ಕಿ.ಮೀ. ದೂರದಲ್ಲಿದ್ದವನು 15.2 ಕೋಟಿಗೆ ಹೋಗುತ್ತಾನೆ ಎಂದು ಅದರ ಲೆಕ್ಕ. 15.2 ಕೋಟಿ ಸರಿ, 9 ಕೋಟಿ ಸುಳ್ಳು. ಅತಿ ಹತ್ತಿರದ ದೂರವೇ ಸುಮಾರು 14.7 ಕೋಟಿ. ಆ ಹತ್ತಿರದ ದಿನ ಬರುವುದು ಜನವರಿಯ ಮೊದಲ ವಾರ, ಅಂದರೆ ನಾವು ಹೊದ್ದು ಮಲಗುವ ಕಾಲಕ್ಕೇ. ದೂರದ ದಿನ ಜುಲೈ ಆರಂಭದಲ್ಲಿ. ಚಳಿಗೆ ಕಾರಣ ಭೂಮಿಯ ಅಕ್ಷದ ಓರೆ, ದೂರವಲ್ಲ.

ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದಾದರೂ ಅಂದೇ ಸೂರ್ಯ ಅತಿ ತಡವಾಗಿ ಹುಟ್ಟುವುದಿಲ್ಲ. ಪಂಚಾಂಗ ತೆರೆದು ನೋಡಿ: ಬೆಂಗಳೂರಿನಲ್ಲಿ ಸಂಜೆ ಬೇಗ ಕತ್ತಲಾಗುವುದು ನವೆಂಬರ್ ದ್ವಿತೀಯಾರ್ಧದಲ್ಲಿ, ಬೆಳಗು ಅತಿ ತಡವಾಗುವುದು ಜನವರಿ ಕೊನೆಯ ಭಾಗದಲ್ಲಿ, 6.45ರ ಹೊತ್ತಿಗೆ. ಸಂಕ್ರಾಂತಿ ಕಳೆದ ಮೇಲೆ ಏಳು ಗಂಟೆಗೆ ಮೊದಲೇ ಕನಿಷ್ಠ ಓದಿ ಮುಗಿಸಿದರೆ ಆ ದಿನದ ಅತಿ ತಣ್ಣನೆಯ ಗಳಿಗೆ ಪುಸ್ತಕಕ್ಕೆ ಸಿಗದೇ ಹೋಗಬಹುದು.