ಎರಡು ಡಿಮ್ ಫೇಸ್‌ಗಳ ನಡುವೆ ಎಷ್ಟು ವೋಲ್ಟ್?

ಮಾರ್ಚ್ ತಿಂಗಳು, ಮಧ್ಯಾಹ್ನ ಎರಡೂವರೆ. ಜೋರು ಗಾಳಿ ಬೀಸಿ ಆಗತಾನೆ ನಿಂತಿತ್ತು. ಆಗ ನಾನು ಮಲೆನಾಡಿನಲ್ಲಿ ವಿದ್ಯುತ್ ಸರಬರಾಜಿನ ಒಂದು ಸೆಕ್ಷನ್‌ನಲ್ಲಿ ಎಂಜಿನಿಯರ್.

"ಸಾರ್, ತೋಟದ ಮೋಟ್ರು ಗುಂಯ್ ಅಂತಿದೆ, ತಿರುಗ್ತಾ ಇಲ್ಲ. ಮನೇಲಿ ಫ್ಯಾನ್ ತೆವಳ್ತಿದೆ. ಪಕ್ಕದ ಮನೇಲಿ ಮಾತ್ರ ಎಲ್ಲ ಸರಿ ಇದೆ" ಅಂತ ಫೋನ್ ಬಂತು. ಆ ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ಒಂದು ಎಚ್‌ಜಿ ಫ್ಯೂಸ್, ಅಂದರೆ 11 ಕೆವಿ ಕಡೆಯ ಫ್ಯೂಸ್, ಹೋಗಿರಬೇಕು ಅಂದುಕೊಂಡೆ. ಲೈನ್‌ಮನ್‌ಗೆ ಹೇಳಿ ಊಟಕ್ಕೆ ಕೂತೆ. ವಿದ್ಯುತ್ ಸ್ಟೇಷನ್‌ಗೆ ಫೋನ್ ಮಾಡಿ ಫೀಡರ್ (ಅಲ್ಲಿಂದ ಊರುಗಳಿಗೆ ಬರುವ 11 ಕೆವಿ ಲೈನ್) ಹೇಗಿದೆ ಅಂತ ಕೇಳಿದ್ದಕ್ಕೆ "ಫೀಡರ್ ನಾರ್ಮಲ್ ಸಾರ್, ಟ್ರಿಪ್ ಏನೂ ಇಲ್ಲ" ಅಂದರು.

ಹತ್ತು ನಿಮಿಷಕ್ಕೆ ಇನ್ನೊಂದು ಫೋನ್. ಅದೇ ದೂರು, ಆದರೆ ಮುಂದಿನ ಊರಿನಿಂದ. ಎರಡು ಟಿಸಿಗಳಲ್ಲಿ ಒಂದೇ ಫೇಸ್‌ನ ಫ್ಯೂಸ್ ಒಟ್ಟಿಗೇ ಹೋಗುವುದು ಅಪರೂಪ. ಅಷ್ಟರಲ್ಲಿ ಲೈನ್‌ಮನ್ ಮೊದಲ ಟಿಸಿ ಹತ್ತಿರ ಅಳೆದು ಹೇಳಿದರು: ಮೂರು ಫೇಸ್‌ಗಳಿಂದ ನ್ಯೂಟ್ರಲ್‌ಗೆ 234, 131, 102 ವೋಲ್ಟ್. ಕೆಲಸದಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು ಅವರು.

"ಅಣ್ಣಾ, ಆ ಎರಡು ಡಿಮ್ ಫೇಸ್‌ಗಳ ನಡುವೆ ಎಷ್ಟಿದೆ ನೋಡಿ" ಅಂದೆ.

"29 ತೋರಿಸ್ತಿದೆ ಸಾರ್. ಮೀಟರ್ ಕೆಟ್ಟಿದೆ ಅನ್ಸುತ್ತೆ."

ಮೀಟರ್ ಕೆಟ್ಟಿರಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಸ್ಟೇಷನ್‌ಗೆ ಫೋನ್ ಮಾಡಿದೆ. ಫೀಡರ್ ಈಗಲೇ ಆಫ್ ಮಾಡಿ, ಹುಡುಕೋದು ಆಮೇಲೆ ಅಂದೆ.

ಆ 29 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ನಮ್ಮ 11 ಕೆವಿ ಟಿಸಿಗಳು ಡೆಲ್ಟಾ-ಸ್ಟಾರ್. ಅಂದರೆ 11 ಕೆವಿ ಕಡೆಯ ಮೂರು ಸುರುಳಿ ತ್ರಿಕೋನದಂತೆ ಎರಡೆರಡು ತಂತಿಗಳ ನಡುವೆ ಇರುತ್ತವೆ, ಮನೆ ಕಡೆಯ ಮೂರು ಸುರುಳಿ ಒಂದೇ ನ್ಯೂಟ್ರಲ್‌ಗೆ ಸೇರಿರುತ್ತವೆ. ಮೇಲಿನ ಮೂರು ತಂತಿಯಲ್ಲಿ ಒಂದು ತುಂಡಾದರೆ, ಡೆಲ್ಟಾದ ಒಂದು ಸುರುಳಿಗೆ ಮಾತ್ರ ಪೂರ್ತಿ 11 ಕೆವಿ ಸಿಗುತ್ತದೆ. ಉಳಿದ ಎರಡು ಸುರುಳಿ ಒಂದರ ಹಿಂದೆ ಒಂದು ನಿಂತು ಅದೇ 11 ಕೆವಿಯನ್ನು ಹಂಚಿಕೊಳ್ಳುತ್ತವೆ. ಲೋಡ್ ಸಮನಾಗಿದ್ದರೆ ಅರ್ಧರ್ಧ, ಇಲ್ಲದಿದ್ದರೆ ಹೆಚ್ಚುಕಮ್ಮಿ. 131 ಮತ್ತು 102 ಕೂಡಿಸಿದರೆ 233. ಇನ್ನೊಂದು ವಿಷಯ, ಆ ಎರಡು ವೋಲ್ಟೇಜ್‌ಗಳ ನಡುವೆ 120 ಡಿಗ್ರಿ ಅಂತರ ಉಳಿದಿರುವುದಿಲ್ಲ, ಎರಡೂ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಹಾಗಾಗಿ ಅವುಗಳ ನಡುವೆ ಬರೀ ವ್ಯತ್ಯಾಸ ಕಾಣುತ್ತದೆ: 131ರಲ್ಲಿ 102 ಕಳೆದರೆ 29. ಪೂರ್ತಿ ಫೇಸ್‌ನಿಂದ ಡಿಮ್ ಫೇಸ್‌ಗೆ ಅಳೆದರೆ 365 ಮತ್ತು 336 ಬರಬೇಕು, ಅದೂ ಹೊಂದಿಕೆಯಾಯಿತು. ಎಲ್‌ಟಿ (ಮನೆಗಳಿಗೆ ಹೋಗುವ ಲೈನಿನ) ನ್ಯೂಟ್ರಲ್ ಕಟ್ ಆಗಿದ್ದರೆ ಚಿತ್ರವೇ ಬೇರೆ. ಯಾವುದೋ ಒಂದು ಫೇಸ್ 240 ದಾಟುತ್ತದೆ, ಆದರೆ ಫೇಸ್-ಫೇಸ್ ನಡುವೆ 415ರ ಸುತ್ತಮುತ್ತಲೇ ಇರುತ್ತದೆ.

ಕಾಲೇಜಿನಲ್ಲಿ ಎಲ್‌ಜಿ, ಎಲ್‌ಎಲ್, ಎಲ್‌ಎಲ್‌ಜಿ, ಅಂದರೆ ತಂತಿ ನೆಲಕ್ಕೋ ಇನ್ನೊಂದು ತಂತಿಗೋ ತಾಗುವ ಫಾಲ್ಟ್‌ಗಳನ್ನು ಉರು ಹೊಡೆದಿದ್ದೆ. ತಂತಿ ತುಂಡಾಗುವ ಫಾಲ್ಟ್ ಬಗ್ಗೆ ಅಧ್ಯಾಯದ ಕೊನೆಗೆ ಒಂದು ಪುಟ ಇತ್ತು, ಸುಮ್ನೆ ಬಿಟ್ಟಿದ್ದೆ. ಆ ಪುಟದ ಲೆಕ್ಕ ಇಲ್ಲಿ ಬೇಕಾಯಿತು. ಪೂರ್ತಿ ಒಂದು, ಉಳಿದೆರಡು ಉಲ್ಟಾ ದಿಕ್ಕಿನ ಅರ್ಧರ್ಧ ಅಂತಿಟ್ಟು ಸೀಕ್ವೆನ್ಸ್ ಲೆಕ್ಕ (ಅಸಮ ಮೂರು ಫೇಸನ್ನು ಸರಿ ದಿಕ್ಕಿಗೆ ತಿರುಗುವ ಪಾಸಿಟಿವ್, ಉಲ್ಟಾ ತಿರುಗುವ ನೆಗೆಟಿವ್, ತಿರುಗದ ಝೀರೋ ಅಂತ ಮೂರು ಪಾಲು ಮಾಡುವ ಲೆಕ್ಕ) ಮಾಡಿ ನೋಡಿ: ಪಾಸಿಟಿವ್ 0.5, ನೆಗೆಟಿವ್ 0.5, ಝೀರೋ ಸೊನ್ನೆ. ಅಂದರೆ ಮೋಟರ್ ಒಳಗೆ ಎದುರಾಬದುರಾ ತಿರುಗುವ, ಸಮ ಬಲದ ಎರಡು ಕ್ಷೇತ್ರಗಳು. ನಿಂತ ಮೋಟರ್ ಯಾವ ಕಡೆ ತಿರುಗಬೇಕು? ಗುಂಯ್ ಅಂತ ಬಿಸಿಯಾಗುತ್ತಾ ಕೂರುತ್ತದೆ. ನಮ್ಮ ರೈತರು ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಪಂಪ್ ಎಬ್ಬಿಸುವುದು ಈ ಸಮಬಲವನ್ನು ಕೆಡಿಸುವುದಕ್ಕೇ. ಈ ಲೆಕ್ಕ ಕೊಟ್ಟ ಎಂಜಿನಿಯರ್ ಫೋರ್ಟೆಸ್ಕ್ಯೂ 1918ರಲ್ಲಿ ಪ್ರಬಂಧ ಬರೆದ. ಅವನು ಹೊರಟಿದ್ದೂ ಅಸಮ ವೋಲ್ಟೇಜ್‌ನಲ್ಲಿ ಓಡುವ ಮೋಟರ್‌ಗಳ ತಲೆನೋವಿನಿಂದಲೇ!

ಹಾಗಾದರೆ ಸ್ಟೇಷನ್‌ನ ರಿಲೇ (ಫಾಲ್ಟ್ ಕಂಡು ಫೀಡರ್ ಟ್ರಿಪ್ ಮಾಡಿಸುವ ಸಾಧನ) ಯಾಕೆ ಸುಮ್ಮನಿತ್ತು? ಅರ್ಥ್ ಫಾಲ್ಟ್ ರಿಲೇ ಕಾಯುವುದು ಝೀರೋ ಸೀಕ್ವೆನ್ಸ್ ಕರೆಂಟಿಗೆ. ತುಂಡಾದ ತಂತಿಯ ಆಚೆ ಇರುವುದೆಲ್ಲ ಡೆಲ್ಟಾ, ಅಲ್ಲಿ ಅದಕ್ಕೆ ದಾರಿಯೇ ಇಲ್ಲ. ಬಿದ್ದ ತಂತಿ ನೆಲಕ್ಕೆ ತಾಗಿದರೆ ಸ್ವಲ್ಪ ಕರೆಂಟ್ ಹರಿಯುತ್ತದೆ, ನಿಜ. ಆದರೆ ರಿಲೇಗೆ ಕರೆಂಟ್ ಅಳೆದು ಕೊಡುವ ನಮ್ಮ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) 200/5, ಸೆಟ್ಟಿಂಗ್ 20%, ಅಂದರೆ 200ರಲ್ಲಿ 40 ಆಂಪಿಯರ್ ಬೇಕು. ಫೇಸ್ ವೋಲ್ಟೇಜ್ 6350ನ್ನು 40ರಿಂದ ಭಾಗಿಸಿದರೆ ಸುಮಾರು 159 ಓಮ್. ಅದಕ್ಕಿಂತ ಜಾಸ್ತಿ ರೆಸಿಸ್ಟೆನ್ಸ್ ಇರುವ ಕಡೆ ತಂತಿ ಬಿದ್ದರೆ ರಿಲೇಗೆ ಗೊತ್ತೇ ಆಗುವುದಿಲ್ಲ. ಮಾರ್ಚ್‌ನ ಒಣ ಜಂಬಿಟ್ಟಿಗೆ ನೆಲ, ಮೇಲೆ ಒಣ ಎಲೆಯ ದರಗು. ಕೇಳಬೇಕಾ?

ಜಾಗ ಹುಡುಕುವುದು ಸುಲಭವಾಯಿತು. ಸರಿ ಇದ್ದ ಕೊನೆಯ ಟಿಸಿ ಮತ್ತು ಕೆಟ್ಟ ಮೊದಲ ಟಿಸಿ ನಡುವೆ ಆರು ಕಂಬ. ಜಿಒಎಸ್ (ಕಂಬದ ಮೇಲಿನ ಸ್ವಿಚ್) ತೆಗೆದು, ಎಲ್‌ಸಿ (ಲೈನ್ ಮೇಲೆ ಕೆಲಸ ಮಾಡುವ ಅನುಮತಿ) ಪಡೆದು, ತಂತಿಯನ್ನು ನೆಲಕ್ಕೆ ಜೋಡಿಸುವ ಡಿಸ್ಚಾರ್ಜ್ ರಾಡ್ ಹಾಕಿ ನಡೆದೆವು. ನಾಲ್ಕನೇ ಕಂಬದಲ್ಲಿ ಕೊಂಬೆ ಬಡಿದು ರ್‍ಯಾಬಿಟ್ ಕಂಡಕ್ಟರ್ (ಲೈನಿನ ತಂತಿ) ಇನ್ಸುಲೇಟರ್ ಪಕ್ಕದಲ್ಲೇ ತುಂಡಾಗಿತ್ತು. ಸ್ಟೇಷನ್ ಕಡೆಯ ತುದಿ ಬೈಂಡಿಂಗ್‌ನಲ್ಲೇ ನಿಂತಿತ್ತು. ಆಚೆ ಕಡೆಯ ಉದ್ದನೆಯ ತುದಿ ಅಡಿಕೆ ತೋಟದ ಬೇಲಿ ಪಕ್ಕ ದರಗಿನ ಮೇಲೆ ಬಿದ್ದಿತ್ತು.

"ಸ್ಟೇಷನ್ ಕಡೆ ಕಡಿದು ಹೋಗಿದೆ, ಇದು ಸತ್ತ ತಂತಿ ಅಲ್ವಾ ಸಾರ್" ಅಂದ ಜೊತೆಗಿದ್ದ ಹೊಸ ಹುಡುಗ. ಅಲ್ಲ. ಮುಂದಿನ ಟಿಸಿಗಳ ಡೆಲ್ಟಾ ಸುರುಳಿಗಳ ಮೂಲಕ ಉಳಿದ ಎರಡು ಫೇಸ್‌ಗಳಿಂದ ಅದಕ್ಕೆ ಹಿಂದಿನಿಂದ ವಿದ್ಯುತ್ ಬರುತ್ತದೆ. ಎರಡರ ನಡುಮಧ್ಯದ ವೋಲ್ಟೇಜ್, ಅಂದರೆ ನೆಲಕ್ಕೆ ಸುಮಾರು 3.2 ಕೆವಿ. ನಾನು ಊಟಕ್ಕೆ ಕೂತಿದ್ದ ಆ ಹತ್ತು ನಿಮಿಷವೂ ಬೇಲಿ ಪಕ್ಕ ಅದು ಹಾಗೇ ಬಿದ್ದಿತ್ತು. ಅವತ್ತು ಆ ದಾರೀಲಿ ದನ ಹೋಗಿರಲಿಲ್ಲ, ಅಷ್ಟೇ.

ಎರಡು ವರ್ಷದ ಮೇಲೆ ನ್ಯೂಮೆರಿಕಲ್ (ಕಂಪ್ಯೂಟರ್‌ನಂತೆ ಲೆಕ್ಕ ಮಾಡುವ) ರಿಲೇ ಬಂತು. ಅದರಲ್ಲಿ ತಂತಿ ತುಂಡಾದ್ದನ್ನು ಹಿಡಿಯುವ ಫಂಕ್ಷನ್ ಇತ್ತು, ನೆಗೆಟಿವ್ ಕರೆಂಟನ್ನು ಪಾಸಿಟಿವ್‌ಗೆ ಹೋಲಿಸಿ ನೋಡುವಂಥದ್ದು. 20% ಅಂತ ಇಟ್ಟೆ. ಆಮೇಲೆ ಕುತೂಹಲಕ್ಕೆ ಅವತ್ತಿನ ಲೋಡ್ ಹಾಕಿ ಲೆಕ್ಕ ಮಾಡಿದೆ. ಫೀಡರ್ ಒಟ್ಟು 90 ಆಂಪಿಯರ್, ತುಂಡಾದ ಜಾಗದ ಆಚೆ ಬರೀ 12. ಆ 12 ಒಡೆದು ಪಾಸಿಟಿವ್ 6, ನೆಗೆಟಿವ್ 6 ಆಗುತ್ತದೆ. ಉಳಿದ 78ಕ್ಕೆ ಈ 6 ಸೇರಿ ಪಾಸಿಟಿವ್ 84. ಸ್ಟೇಷನ್‌ಗೆ ಕಾಣುವುದು 84ಕ್ಕೆ 6, ಅಂದರೆ 7%. ಹಳ್ಳಿ ಫೀಡರ್‌ನ ದಿನನಿತ್ಯದ ಅಸಮತೋಲನವೇ ಅಷ್ಟಿರುತ್ತದೆ. ಸೆಟ್ಟಿಂಗ್ ಅಲ್ಲಿಗೆ ಇಳಿಸಿದರೆ ದಿನವೂ ಸುಳ್ಳು ಟ್ರಿಪ್, ಜನರ ಬೈಗುಳ. ಹೊಸ ರಿಲೇಯೂ ಅವತ್ತು ಸುಮ್ಮನೇ ಇರುತ್ತಿತ್ತು.

ಹಿರಿಯ ಲೈನ್‌ಮನ್ ಈಗ ರಿಟೈರ್ ಆಗಿದ್ದಾರೆ. ಕೊನೆಯ ವರ್ಷಗಳಲ್ಲಿ ಡಿಮ್ ಅಂತ ಯಾರು ಫೋನ್ ಮಾಡಿದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ಆಚೆ ಊರಲ್ಲೂ ಹೀಗೇನಾ?" ಹೌದು ಅಂದರೆ ಸೈಕಲ್ ಹತ್ತುವ ಮೊದಲು ಸ್ಟೇಷನ್‌ಗೆ ಫೋನ್.